ಗುಲಾಬಿ ಕಲ್ಲಿನ ಸುಣ್ಣ

ಕಡಲ ದಂಡೆಯ ಆಶ್ರಮವೊಂದರ ಗೋಡೆಗಳು ಪಾಚಿ ಕಟ್ಟಿ ಕಪ್ಪಾಗಿದ್ದವು. ಈ ವರ್ಷವಾದರೂ ಸುಣ್ಣ ಬಳಿಸಬೇಕು ಎಂದು ಗುರು ಸಾತಮ್ಮನವರು ಒಂದು ಮಾತು ಅಂದರು.

ಜಟ್ಟಪ್ಪನಿಗೆ ಅಷ್ಟು ಸಾಕಿತ್ತು. ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ಶಿಷ್ಯ ಅವನು. ಗುರು ನೀರು ಕೇಳಿದರೆ ಬಾವಿಯನ್ನೇ ಎತ್ತಿಕೊಂಡು ಬಂದಾನು ಎಂದು ಉಳಿದವರು ನಗುತ್ತಿದ್ದರು.

ಆಶ್ರಮದ ಎದುರಿನ ಕೊಲ್ಲಿಯಲ್ಲಿ, ಎರಡಾಳು ನೀರಿನಡಿ, ಮರಳಿನ ಮೇಲೆ ಗುಲಾಬಿ ಬಣ್ಣದ ಕಲ್ಲುಗಳು ಹಾಸಿಕೊಂಡಿದ್ದವು. ಶುಂಠಿಯ ಹಾಗೆ ಕವಲೊಡೆದ ಕಲ್ಲುಗಳು. ಜಟ್ಟಪ್ಪ ಮುಳುಗಿ ಮುಳುಗಿ ಬಾಚಿದ. ಹದಿನೈದು ದಿನ ದೋಣಿ ತುಂಬಿ ತಂದ. ಸಂದಿನಲ್ಲಿ ಅಡಗಿದ್ದ ಏಡಿಮರಿ, ಚಿಪ್ಪಿಮರಿ, ಮೀನಿನ ಮೊಟ್ಟೆಗಳನ್ನು ದಂಡೆಯ ಮೇಲೆ ಕೊಡವಿ, ಕಲ್ಲನ್ನು ಭಟ್ಟಿಗೆ ಹಾಕಿ ಸುಟ್ಟ.

ಗೋಡೆಗಳು ಹಾಲಿನಷ್ಟು ಬೆಳ್ಳಗಾದವು. ಗುರು ನೋಡಿ ಚೆನ್ನಾಗಿದೆ ಎಂದರು. ಅವನು ಆ ದಿನ ಊಟವನ್ನೇ ಮರೆತ.

ಮರುವರ್ಷ ಅವನ ಅಕ್ಕ ನಾಗವೇಣಿ ಖಾಲಿ ಬುಟ್ಟಿ ಹಿಡಿದು ಬಂದಳು. ಆ ಕೊಲ್ಲಿಯ ಏಡಿ ಮಾರಿಯೇ ಅವಳ ಮನೆ ನಡೆಯುತ್ತಿತ್ತು.

"ಕೊಲ್ಲಿಯಲ್ಲಿ ಎಂತದೂ ಇಲ್ಲ ತಮ್ಮಾ," ಎಂದಳು. "ಬರೀ ಮರಳು."

ಜಟ್ಟಪ್ಪ ತಾನೇ ಮುಳುಗಿ ನೋಡಿದ. ಅಕ್ಕ ಹೇಳಿದ್ದು ನಿಜವಾಗಿತ್ತು. ಚೆಂದಕ್ಕೆಂದು ಕಿಟಕಿಯಲ್ಲಿ ಇಟ್ಟುಕೊಂಡಿದ್ದ ಒಂದು ಕಲ್ಲು ಅವನ ಬಳಿ ಉಳಿದಿತ್ತು. ಅದರ ಗುಲಾಬಿ ಬಣ್ಣ ಹೋಗಿ ಮೂಳೆಯ ಹಾಗೆ ಬಿಳಿಚಿಕೊಂಡಿತ್ತು. ಅದನ್ನೇ ಹಿಡಿದು ಗುರುವಿನ ಎದುರು ಕೂತ.

"ಅಮ್ಮಾ, ಇದು ಕಲ್ಲಲ್ವಾ?"

"ಅಲ್ಲ ಮಗಾ. ಅದೊಂದು ಜಾತಿ ಪಾಚಿ. ಸುಣ್ಣವನ್ನೇ ಮೈ ಮಾಡ್ಕೊಂಡು ಬೆಳೀತದೆ. ಉಳಿದವಕ್ಕೆಲ್ಲ ಅದೇ ಮನೆ."

ಅದು ಮತ್ತೆ ಬೆಳೆಯುವವರೆಗೆ ಎಷ್ಟು ದಿನವಾದರೂ ಕೊಲ್ಲಿ ಕಾಯುತ್ತೇನೆ, ಯಾರಿಗೂ ಮುಟ್ಟಗೊಡುವುದಿಲ್ಲ ಎಂದ ಜಟ್ಟಪ್ಪ.

ಸಾತಮ್ಮ ಅವನ ಕೈ ಎಳೆದುಕೊಂಡರು. ವಾರದಿಂದ ಬೆಳೆದಿದ್ದ ಹೆಬ್ಬೆರಳ ಉಗುರು ಕತ್ತರಿಸಿ, ಆ ಚೂರನ್ನು ಅವನ ಅಂಗೈಯಲ್ಲಿಟ್ಟರು.

"ನಿನ್ನ ಉಗುರು ವಾರಕ್ಕೆ ಇಷ್ಟು ಬೆಳೀತದೆ. ಅದು ಇಷ್ಟು ಬೆಳೀಲಿಕ್ಕೆ ಒಂದು ವರ್ಷ ಬೇಕು."

ಜಟ್ಟಪ್ಪ ಉಗುರಿನ ಚೂರನ್ನು ಕಲ್ಲಿನ ನಡುವಿನಿಂದ ಅಂಚಿಗೆ ಸರಿಸುತ್ತ ಎಣಿಸಿದ. ನಲವತ್ತಕ್ಕೆ ಬಂದರೂ ಅಂಚು ದೂರವಿತ್ತು. ಎಣಿಕೆ ಬಿಟ್ಟ. ಅವನಿಗೆ ಮೂವತ್ತೆರಡು ವರ್ಷ.

"ಹಾಗಾದರೆ ನಾನಿರುವಾಗ ಆಗುವುದಿಲ್ಲ."

"ಇಲ್ಲ."

"ಅಕ್ಕನ ಮಕ್ಕಳ ಕಾಲಕ್ಕೆ?"

ಗುರು ಕಿಟಕಿಯತ್ತ ತಿರುಗಿದರು. ಹೊರಗೆ ಕೊಲ್ಲಿಯ ನೀರು ತಿಳಿಯಾಗಿತ್ತು. ತಳದ ಮರಳು ಕಾಣುತ್ತಿತ್ತು.

ಅವನು ಅವರ ಕಾಲಿಗೆ ಬಿದ್ದ. ಅಳು ತಡೆಯಲಾಗಲಿಲ್ಲ. "ನೀವಾದರೂ ಒಂದು ಮಾತು ಹೇಳಿ ಅಮ್ಮಾ. ಕ್ಷಮಿಸಿದೆ ಅನ್ನಿ."

ಸಾತಮ್ಮ ಬಿಳಿ ಗೋಡೆಯ ಮೇಲೆ ಕೈಯಿಟ್ಟರು.

"ಸುಣ್ಣ ಬೇಕು ಅಂದವಳು ನಾನು. ಭಟ್ಟಿಯ ಹೊಗೆ ಕಂಡೆ, ಎಲ್ಲಿಂದ ತಂದೆ ಅಂತ ಕೇಳಲಿಲ್ಲ. ನಾನು ಕ್ಷಮಿಸಿ ಏನಾಗಬೇಕು ಮಗಾ? ಕ್ಷಮಿಸಬೇಕಾದವರನ್ನು ನಾವಿಬ್ಬರೂ ಗೋಡೆಗೆ ಬಳಿದಿದ್ದೇವೆ."