ಉಪ್ಪಿನ ತಂಡದ ಯಜಮಾನಿ

“ಕೇಳಿರಪ್ಪಾ ಕೇಳಿ! ಎತ್ತುಗಳ ಮೇಲೆ ಉಪ್ಪು ಹೇರಿ ಸಾಗುವ ಅರಮನೆಯ ತಂಡಕ್ಕೆ ಯಜಮಾನರು ಬೇಕಾಗಿದ್ದಾರೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಆ ಪಟ್ಟ. ತಪ್ಪಿದವರ ತಲೆ ಹುಣ್ಣಿಮೆಯ ಬೆಳಿಗ್ಗೆ ಉರುಳುತ್ತದೆ!”

ತುಂಬಿಗಟ್ಟದ ಬೀದಿಯಲ್ಲಿ ಡಂಗುರದವನು ಹೀಗೆ ಸಾರುತ್ತ ಹೋದಾಗ ತಂಗೆವ್ವ ಎತ್ತುಗಳಿಗೆ ನೀರು ಕುಡಿಸುತ್ತಿದ್ದಳು. ಹಿಂದಿನ ಯಜಮಾನ ಕರಿಲಿಂಗ ಅವಳ ತಂದೆ, ಈಗ ಸೆರೆಮನೆಯಲ್ಲಿದ್ದ. ಅವನ ತಪ್ಪಾದರೂ ಏನು? ತಂಡ ಹೊರಡುವ ಗಳಿಗೆಯಲ್ಲಿ ಕೆಟ್ಟ ಮಾತು ಆಡಬಾರದೆಂಬುದು ಆ ಊರಿನ ಕಟ್ಟಳೆ. ಅಂಥ ಗಳಿಗೆಯಲ್ಲೇ ಅವನು “ದೊರೆಯೇ, ಹೊಳೆ ಏರುತ್ತಿದೆ, ಇವತ್ತು ಬೇಡ” ಅಂದುಬಿಟ್ಟಿದ್ದ. ಅಪಶಕುನ ನುಡಿದನೆಂದು ಅರಸ ವಿಜಯಧವಳ ಅವನನ್ನು ಸೆರೆಗೆ ತಳ್ಳಿ, ತಂಡವನ್ನು ಹೊಳೆಗೆ ಇಳಿಸಿದ. ಉಪ್ಪು ಕರಗಿತು, ಎತ್ತುಗಳು ಕೊಚ್ಚಿಹೋದವು. ತಪ್ಪು ಯಾರದೆಂದು ಊರಿಗೆಲ್ಲ ಗೊತ್ತಿತ್ತು, ಊರೆಲ್ಲ ಸುಮ್ಮನಿತ್ತು.

ತಂಗೆವ್ವ ದೇವರ ಮುಂದೆ ದೀಪ ಹಚ್ಚಿದಳು. “ಸ್ವಾಮೀ, ಪಟ್ಟ ಸಿಕ್ಕರೆ ಅಪ್ಪನನ್ನು ಬಿಡಿಸಿಕೊಳ್ಳೋದು ನನ್ನ ಪಾಲಿನ ಕೆಲಸ. ನನ್ನ ನಾಲಗೆ ನಡುಗದ ಹಾಗೆ ನೀನು ನೋಡಿಕೋ, ಸಾಕು.” ಇಂಥ ಬೇಡಿಕೆಯನ್ನು ಭಗವಂತ ತಳ್ಳಿಹಾಕಿದ್ದುಂಟೆ?

ಸಭೆಗೆ ಬಂದವಳನ್ನು ಕಂಡು ದೊಡ್ಡ ವರ್ತಕ ಪದುಮಸೆಟ್ಟಿ ನಕ್ಕ. “ಎಲೇ ಹುಡುಗಿ, ಎತ್ತು ಮೇಯಿಸೋದು ಬಿಟ್ಟು ಇಲ್ಲೇನು ಕೆಲಸ ನಿನಗೆ?”

“ನಿಮ್ಮನ್ನೂ ಒಂದಿಷ್ಟು ಮೇಯಿಸಿ ಹೋಗೋಣ ಅಂತ ಬಂದೆ, ಸೆಟ್ಟರೇ.”

ಅರಸ ಮೊದಲ ಒಗಟು ಒಡ್ಡಿದ. ಅವೆಲ್ಲ ಅವನ ತಾತನಿಂದ ಬಂದ ಒಗಟುಗಳು. ಉತ್ತರ ಬಾಯಿಪಾಠವಾಗಿತ್ತು, ಅರ್ಥ ಒಳಗಿಳಿದಿರಲಿಲ್ಲ. “ತಂಡದ ಮುಂದೆ ಸಾಗುತ್ತದೆ, ಒಂದು ಹಿಡಿ ಉಪ್ಪನ್ನೂ ಹೊರುವುದಿಲ್ಲ. ಅದು ಸುಮ್ಮನಾದರೆ ತಂಡವೇ ಚದುರುತ್ತದೆ. ಯಾವುದದು?”

“ತಮ್ಮ ಬಿರುದಿನ ಧ್ವಜ, ಪ್ರಭು!” ಎಂದ ಪದುಮಸೆಟ್ಟಿ. ಕಾವಲಿನವರು ಅವನನ್ನು ಎಳೆದೊಯ್ದರು.

“ಮುಂದಿನ ಎತ್ತಿನ ಕೊರಳ ಗಂಟೆ,” ಎಂದಳು ತಂಗೆವ್ವ. “ಯಜಮಾನನೂ ಹಾಗೆಯೇ ಇರಬೇಕು. ದೂಳಿನಲ್ಲಿ ಮುಖ ಕಾಣದಿದ್ದರೂ ಅವನ ದನಿ ಕೊನೆಯವನಿಗೂ ಕೇಳಬೇಕು.”

ಅರಸ ತಲೆದೂಗಿ ಎರಡನೆಯದನ್ನು ಕೇಳಿದ. “ಒಡೆಯನ ಬಾಗಿಲಿಗೆ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು, ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಒಮ್ಮೆ ಹೊಡೆದಟ್ಟಿದರೆ ಮತ್ತೆ ಬರುವುದಿಲ್ಲ. ಬಾರದಿದ್ದರೆ ಮನೆ ಮುಳುಗುತ್ತದೆ.”

“ಲಾಭ!” ಎಂದು ಬೊಮ್ಮರಸನೆಂಬ ವರ್ತಕ ಮುನ್ನುಗ್ಗಿದ.

“ಲಾಭವನ್ನು ಹೊಡೆದಟ್ಟುವವರು ಯಾರಯ್ಯಾ?” ಅರಸ ಕೈ ಬೀಸಿದ, ಅವನನ್ನೂ ಎಳೆದೊಯ್ದರು.

“ಕೆಟ್ಟ ಸುದ್ದಿ,” ಎಂದಳು ತಂಗೆವ್ವ.

ಸಭೆಯಲ್ಲಿ ಯಾರೋ ಕೆಮ್ಮಿದರು. ಉತ್ತರ ಸರಿಯಿತ್ತು. ಅರಸ ಹುಬ್ಬು ಗಂಟಿಕ್ಕಿ ಮೂರನೆಯದನ್ನು ಕೇಳಿದ. “ಈ ಸಭೆಯಲ್ಲಿ ಎಲ್ಲರಿಗೂ ಕಾಣುವುದು, ನನ್ನೊಬ್ಬನಿಗೆ ಕಾಣದ್ದು ಯಾವುದು?”

ದೀಪದ ಮುಂದೆ ಬೇಡಿದ್ದು ಈ ಗಳಿಗೆಗಾಗಿಯೇ ಎಂದು ತಂಗೆವ್ವನಿಗೆ ಹೊಳೆಯಿತು.

“ತಮ್ಮ ತಪ್ಪು, ದೊರೆಯೇ. ಹೊಳೆ ಏರಿತ್ತು. ನನ್ನ ಅಪ್ಪ ಹೇಳಿದ್ದು ನಿಜ.”

ಸೇನಾಪತಿಯ ಕೈ ಕತ್ತಿಯ ಹಿಡಿಗೆ ಹೋಯಿತು. “ಉತ್ತರ ತಪ್ಪು!” ಅರಸ ಗುಡುಗಿದ. “ನನ್ನ ತಲೆಯ ಮೇಲಿನ ಕಿರೀಟ! ಅದು ಉತ್ತರ!”

“ಕಿರೀಟ ಕನ್ನಡಿಯಲ್ಲಿ ಕಾಣುತ್ತದೆ. ತಪ್ಪಿಗೆ ಕನ್ನಡಿ ಇಲ್ಲ ಪ್ರಭು, ಅದನ್ನು ತೋರಿಸೋದಕ್ಕೆ ಜನ ಬೇಕು. ತೋರಿಸಿದವರನ್ನು ತಾವು ಸೆರೆಯಲ್ಲಿಟ್ಟಿದ್ದೀರಿ.”

ಆಗ ಮುದಿ ಮಂತ್ರಿ ಊರುಗೋಲು ಹಿಡಿದು ಎದ್ದ. “ನಾನೂ ಕಂಡಿದ್ದೆ, ಪ್ರಭು. ಹೆದರಿ ಬಾಯಿ ಬಿಡಲಿಲ್ಲ.” ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಸೇನಾಪತಿಯೂ ಕತ್ತಿಯಿಂದ ಕೈ ತೆಗೆದು ತಲೆ ತಗ್ಗಿಸಿದ. ದೇವರು ಒಬ್ಬಳ ನಾಲಗೆಯನ್ನು ಗಟ್ಟಿಮಾಡಿದ್ದ. ಉಳಿದವರ ನಾಲಗೆ ತಾನಾಗಿ ಸಡಿಲಿತ್ತು.

ಅರಸ ಕುಸಿದು ಕುಳಿತ. “ಪಟ್ಟ ನಿನ್ನದು. ನಿನ್ನ ಅಪ್ಪನನ್ನೂ ಕರೆದುಕೊಂಡು ಹೋಗು,” ಎಂದ.

“ತಪ್ಪು ಉತ್ತರ ಹೇಳಿದವರ ಗತಿ?”

“ಅವರಲ್ಲೊಬ್ಬ ನಿನ್ನನ್ನು ಗೇಲಿ ಮಾಡಿದವನಲ್ಲವೇ!”

“ಮಾಡಲಿ ಬಿಡಿ. ತಪ್ಪಿದವರ ತಲೆ ತೆಗೆದರೆ ನಾಳೆ ಸರಿ ಹೇಳುವವರೂ ಬಾಯಿ ಬಿಡೋದಿಲ್ಲ. ಅಂಥ ಕಡೆ ನನಗೆ ಪಟ್ಟ ಬೇಡ.”

“ಬಾಗಿಲು ತೆರೆಯಿರಿ,” ಎಂದ ಅರಸ ಕಾವಲಿನವರಿಗೆ.

“ಯಾವ ಕೋಣೆಯದು, ಪ್ರಭು?”

“ಎಲ್ಲವನ್ನೂ.”

ಕರಿಲಿಂಗ ಮೊದಲು ಹೊರಬಂದು ಮಗಳ ತಲೆಯ ಮೇಲೆ ಕೈಯಿಟ್ಟ. ಹಿಂದೆಯೇ ಬಂದ ಪದುಮಸೆಟ್ಟಿ ಕುತ್ತಿಗೆ ಸವರಿಕೊಳ್ಳುತ್ತ ಬಾಗಿದ. “ಯಜಮಾನೀ, ನಮಸ್ಕಾರ.”

“ನಮಸ್ಕಾರ ದೇವರಿಗೆ ಮಾಡಿ, ಸೆಟ್ಟರೇ. ನಾನು ತಪ್ಪಿದಾಗ ನನಗೆ ಹೇಳಿ.”