ದೊರೆಯ ಕಂಪ್ಯೂಟರಿನ ಎರಡು ರ‍್ಯಾಮು

"ಕೇಳಿರಪ್ಪೋ ಕೇಳಿ! ಪ್ರಚಂಡಭೂಪ ಮಹಾಸ್ವಾಮಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಶುಕ್ರವಾರ ನೇಣು!"

ಡಂಗುರ ಎತ್ತರಪುರದ ಬೀದಿಬೀದಿ ಸುತ್ತಿತು. ಒಗಟು ಯಾಕೆಂದು ಡಂಗುರದವನು ಹೇಳಲಿಲ್ಲ, ನಾನು ಹೇಳುತ್ತೇನೆ. ಅರಮನೆಯ ಕಂಪ್ಯೂಟರು ಕೆಟ್ಟಿತ್ತು. ಯಾವ ಊರಿಗೆ ಯಾವ ದಿನ ಕಾಲುವೆ ನೀರು ಎಂಬ ಸರದಿಯೆಲ್ಲ ಅದರಲ್ಲಿತ್ತು. ಅದೋ, ಇವತ್ತು ಸರಿ ಹೇಳಿದ್ದನ್ನು ನಾಳೆ ತಪ್ಪು ಹೇಳುತ್ತಿತ್ತು, ಕೆಲಸದ ನಡುವೆಯೇ ಮುಖ ನೀಲಿ ಮಾಡಿಕೊಂಡು ಆರಿಹೋಗುತ್ತಿತ್ತು. ಅದರ ಮಾತು ನಂಬಿ ತೂಬು ಎತ್ತಿದ್ದಕ್ಕೆ ಹುಣಸೇಹಳ್ಳದ ನಾಟಿಯೆಲ್ಲ ಕೊಚ್ಚಿಹೋಯಿತು. ದೊರೆ ಹಿಂದೆಮುಂದೆ ನೋಡದೆ, ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ನಿಂಗಾಜಮ್ಮನನ್ನು ಸೆರೆಗೆ ಹಾಕಿಸಿದ. ಅವಳಿಗೂ ಅದೇ ಶುಕ್ರವಾರ ನೇಣು. ಆದರೂ ಯಂತ್ರ ಸರಿಹೋಗಲಿಲ್ಲ. ಕೆಟ್ಟಿದೆ ಎಂದು ಬಾಯಿಬಿಟ್ಟರೆ ಪಕ್ಕದ ದೊರೆಗಳ ಮುಂದೆ ಮಾನ ಹೋಗುತ್ತದಲ್ಲ, ಅದಕ್ಕೇ ಈ ಒಗಟಿನ ವೇಷ: ಒಗಟು ಬಿಡಿಸಬಲ್ಲವನು ಯಂತ್ರವನ್ನೂ ಸರಿಮಾಡಬಲ್ಲ ಎಂದು ದೊರೆಯ ಲೆಕ್ಕ. ಇಂಥ ಮಾನಕ್ಕೆ ಬೆಂಕಿ ಬೀಳಲಿ.

ಮೊದಲು ಬಂದವನು ನೆರೆರಾಜ್ಯದ ಯುವರಾಜ, ಮೈತುಂಬ ಜರಿ.

"ಕೆಲಸ ಕಮ್ಮಿಯಿದ್ದಾಗ ನಿಜ ಹೇಳುತ್ತದೆ. ಹೆಚ್ಚಾದರೆ ಸುಳ್ಳು ಹೇಳುತ್ತದೆ. ಹೇಳಿದ್ದು ಸುಳ್ಳೆಂದು ಅದಕ್ಕೇ ತಿಳಿಯದು. ಏನದು?" ಎಂದ ದೊರೆ.

"ನಮ್ಮ ಮಂತ್ರಿ!"

ಸಭೆ ನಕ್ಕಿತು, ದೊರೆ ನಗಲಿಲ್ಲ. ಯುವರಾಜನನ್ನು ಜರಿಯ ಸಮೇತ ಎಳೆದೊಯ್ದರು.

ಆಮೇಲೆ ಆಸ್ಥಾನದ ಜ್ಯೋತಿಷಿ ಬಂದರು. ಕಣ್ಣು ಮುಚ್ಚಿ "ನೆನಪು" ಎಂದರು. ಅದು ಸರಿಯಾಗಿತ್ತು. ದೊರೆ ಎರಡನೆಯದು ಕೇಳಿದ: "ಇಬ್ಬರಿದ್ದಾರೆ. ಒಬ್ಬೊಬ್ಬರನ್ನೇ ಇಟ್ಟು ನೋಡಿದರೆ ಯಾರಲ್ಲೂ ಕುಂದಿಲ್ಲ. ಒಂದೇ ಮನೆಯಲ್ಲಿ ಕೂಡಿಸಿದರೆ ಮನೆ ನಿಲ್ಲದು. ಯಾರವರು?"

"ಅಯ್ಯೋ, ಇದೇನು ಕಷ್ಟ? ಅತ್ತೆ ಸೊಸೆ!"

ಅವರಿಗೂ ಬೇಡಿ ಬಿತ್ತು.

ಮೂರನೆಯವನು ಜವರ. ಅಂಗಡಿಬೀದಿಯಲ್ಲಿ ಹಳೇ ಕಂಪ್ಯೂಟರು ರಿಪೇರಿ ಮಾಡುವವನು, ನಿಂಗಾಜಮ್ಮನ ತಮ್ಮ. ಅಕ್ಕನ ಮುಖ ನೋಡಲು ದಿನಾ ಅರಮನೆ ಬಾಗಿಲಿಗೆ ಬಂದು, ದಿನಾ ಕಾವಲಿನವರಿಂದ ತಳ್ಳಿಸಿಕೊಂಡಿದ್ದ. ಒಗಟಿಗೆಂದು ಬಂದಾಗ ಮಾತ್ರ ಬಾಗಿಲು ತೆರೆಯಿತು.

"ನೆನಪೇ, ಬುದ್ಧಿ. ಕಂಪ್ಯೂಟರಿನ ನೆನಪು. ನಮ್ ಬೀದೀಲಿ ರ‍್ಯಾಮ್ ಅಂತೀವಿ," ಎಂದ. ದೊರೆ ಸಿಂಹಾಸನದಲ್ಲಿ ಮಿಸುಕಾಡಿದ. "ಎರಡನೇದೂ ಅದೇಯ. ಎರಡು ರ‍್ಯಾಮು. ಒಂದು ಹಳೇದು, ಒಂದು ಹೊಸ್ದು. ಬ್ಯಾರೆ ಬ್ಯಾರೆ ಕಡೆ ಮಾಡಿದ್ದು, ಬ್ಯಾರೆ ಬ್ಯಾರೆ ವೇಗದ್ದು. ಒಂದೊಂದೇ ಹಾಕಿದ್ರೆ ಎರಡೂ ಚಿನ್ನ. ಜೊತೆಗಾಕಿದ್ರೆ ಒಂದಕ್ಕೊಂದು ಹೊಂದಲ್ಲ."

ದೊರೆ ಹಲ್ಲು ಕಚ್ಚಿಕೊಂಡು ಕೊನೆಯದು ಕೇಳಿದ: "ಗಾಡಿ ಗಟ್ಟಿ. ಎತ್ತು ಎರಡೂ ಗಟ್ಟಿ. ಆದರೂ ಗಾಡಿ ಹಳ್ಳಕ್ಕೆ ಬಿತ್ತು. ಶಿಕ್ಷೆ ಯಾರಿಗೆ?"

ಗಾಡಿ ಹೊಡೆದವರಿಗೆ. ಸಭೆಗೆಲ್ಲ ಗೊತ್ತಿತ್ತು, ದೊರೆಗೆ ಬೇಕಿದ್ದದ್ದೂ ಅದೇ. ಗಾಡಿ ಹೊಡೆದವಳು ಅಕ್ಕ, ತಪ್ಪು ಅವಳದೇ ಎಂದು ಜವರ ಒಪ್ಪಿ, ಆಮೇಲೆ ಅವಳ ಪ್ರಾಣವನ್ನು ಬಹುಮಾನವಾಗಿ ಬೇಡಬಹುದಿತ್ತು. ಇಬ್ಬರೂ ತಲೆ ತಗ್ಗಿಸಿಕೊಂಡು ಮನೆಗೆ ಹೋಗಬಹುದಿತ್ತು. ಜವರನಿಗೆ ಮೈಯೆಲ್ಲ ಉರಿದುಹೋಯಿತು.

"ನಿಮಗೆ!" ಎಂದ.

ಕತ್ತಿಗಳು ಒರೆಯಿಂದ ಹೊರಬಂದವು.

"ಕಂಪ್ಯೂಟರು ತರ್ಸಿ. ನಾನೇಳಿದ್ದು ಸುಳ್ಳಾದ್ರೆ ಇಲ್ಲೇ ಕಡೀರಿ."

ತಂದರು. ಪೆಟ್ಟಿಗೆಯ ಮಗ್ಗುಲಿಗೆ, ಅಕ್ಕ ಹಿಂದೆಯೇ ಮನೆಯಲ್ಲಿ ಹೇಳಿಕೊಂಡಿದ್ದ ಅಪ್ಪಣೆ ಅಂಟಿಸಿತ್ತು. ಜವರ ಸಭೆಗೆಲ್ಲ ಕೇಳುವಂತೆ ಓದಿದ: "ಹೊಸ ರ‍್ಯಾಮನ್ನು ಹಳೆಯದರ ಜೊತೆಗೇ ಹಾಕತಕ್ಕದ್ದು. ಎರಡನ್ನೂ ಹೊಸದರ ವೇಗಕ್ಕೇ ಓಡಿಸತಕ್ಕದ್ದು. ನಮ್ಮ ಕಂಪ್ಯೂಟರು ಯಾವ ದೊರೆಯದಕ್ಕಿಂತಲೂ ನಿಧಾನವಿರಕೂಡದು." ಕೆಳಗೆ ರಾಜಮುದ್ರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಬರಹವಿತ್ತು: "ಹಳೆಯದು ಈ ವೇಗ ತಡೆಯುವುದಿಲ್ಲ. ಮೂರು ಸಲ ಅರಿಕೆ ಮಾಡಿದ್ದೇನೆ. ನಿಂಗಾಜಮ್ಮ."

"ಹೊಸದರ ಓಟಕ್ಕೆ ಹಳೇದನ್ನ ಹೊಡೆದು ಓಡಿಸಿದ್ರಿ," ಎಂದ ಜವರ. "ಕೆಲಸ ಜಾಸ್ತಿ ಆದಾಗ ಅದಕ್ಕೆ ತಡೀಲಿಲ್ಲ. ಬರೆದಿಟ್ಟಿದ್ದೊಂದು, ಓದಿದ್ದೊಂದು ಆಯ್ತು. ಅದು ಅದರ ತಪ್ಪಲ್ಲ, ಹೊಸದರ ತಪ್ಪೂ ಅಲ್ಲ. ನಮ್ಮಕ್ಕಂದಂತೂ ಅಲ್ವೇ ಅಲ್ಲ. ಹೇಳಿದೋಳ ಕುತ್ತಿಗೆಗೇ ಹಗ್ಗ ತಂದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಹೊಸ ರ‍್ಯಾಮು ಕಿತ್ತು ಪಕ್ಕಕ್ಕಿಟ್ಟ. ವೇಗವನ್ನು ಹಳೆಯದಕ್ಕೆ ತಕ್ಕಷ್ಟು ಇಳಿಸಿದ. ವರ್ಷದ ನೀರಿನ ಸರದಿಯನ್ನೆಲ್ಲ ಮೂರು ಸಲ ಲೆಕ್ಕ ಹಾಕಿಸಿದ. ನಿಧಾನವಾಗಿ, ಆದರೆ ಮೂರು ಸಲವೂ ಒಂದೇ ಸರದಿ ಬಂತು. ಮುಖ ನೀಲಿಯಾಗಲಿಲ್ಲ.

ಸಭೆಯ ಹಿಂದಿನಿಂದ ಹುಣಸೇಹಳ್ಳದ ಮುದುಕಿಯೊಬ್ಬಳು ಕೇಳಿದಳು: "ಈಗ ಹಗ್ಗ ಯಾರಿಗೆ, ಬುದ್ಧಿ?"

ಕತ್ತಿಗಳು ಒಂದೊಂದಾಗಿ ಒರೆಗೆ ಹೋದವು. ಡಂಗುರ ಹೊಡೆಸಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. "ಏನು ಬೇಕು, ಕೇಳು," ಎಂದ ದೊರೆ.

"ಅಕ್ಕನ್ನ ಬಿಡಿ. ಜೊತೇಲಿ ಆ ಇಬ್ಬರನ್ನೂ ಬಿಡಿ. ಮಂತ್ರಿ ಅಂದಿದ್ದಕ್ಕೂ ಅತ್ತೆ ಸೊಸೆ ಅಂದಿದ್ದಕ್ಕೂ ಯಾರಾದ್ರೂ ನೇಣು ಹಾಕ್ತಾರಾ? ಹುಣಸೇಹಳ್ಳಕ್ಕೆ ನಿಮ್ಮ ಕಣಜದಿಂದ ಭತ್ತ ಹೋಗಲಿ. ನಂಗೇನೂ ಬ್ಯಾಡ."

ನಿಂಗಾಜಮ್ಮ ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡೇ ತಮ್ಮನ ತಲೆ ಸವರಿದಳು, ಆ ಅಪ್ಪಣೆಯನ್ನು ಹರಿದು ಬಿಸಾಕಿದಳು, ತನ್ನ ಜಾಗದಲ್ಲಿ ಕೂತಳು.

"ಇವತ್ತಿನ ಸರದಿ ಬೇಗ ತೆಗಿ," ಎಂದ ದೊರೆ, ಅಭ್ಯಾಸಬಲದಿಂದ.

ಅವಳು ಹೊಸ ರ‍್ಯಾಮನ್ನೆತ್ತಿ ಅವನ ಅಂಗೈಯಲ್ಲಿಟ್ಟಳು.

"ಇನ್ಮೇಲೆ ಇದು ನಿಧಾನಕ್ಕೇ ಓಡೋದು, ಬುದ್ಧಿ. ನಾನು ನಲವತ್ತು ದಿನ ಕತ್ತಲೇಲಿ ಕಾದೆ. ನೀವೂ ಒಸಿ ಕಾಯ್ರಿ."

ದೊರೆ ರ‍್ಯಾಮು ಹಿಡಿದುಕೊಂಡು ನಿಂತೇ ಕಾದ. ಅವನಿಗೊಂದು ಕುರ್ಚಿ ತನ್ನಿರೆಂದು ಯಾರೂ ಹೇಳಲಿಲ್ಲ.