ಕೆಡದ ಸೀಸೆ

"ಮತ್ತೆ ಅಡ್ಡ ಬಂದೆಯಾ? ಬಾಣಲೆ ಕಾಯುವ ಹೊತ್ತಿಗೇ ನೀನು ನನ್ನ ಮೈಮೇಲೆ ಬೀಳಬೇಕೆ?" ಎಂದು ಸೋಯಾ ಸಾಸಿನ ಸೀಸೆ ಹುಣಸೆರಸದ ಬಟ್ಟಲಿನ ಮೇಲೆ ಸಿಡುಕಿದಳು.

"ಸುಗುಣಕ್ಕನೇ ನನ್ನನ್ನು ಇಲ್ಲಿಟ್ಟಳು," ಎಂದಳು ಬಟ್ಟಲು. "ಅವಳ ಅತ್ತೆಯ ಕಾಲು ಊದಿದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ನಿನ್ನಲ್ಲೂ ಉಪ್ಪಿದೆಯೇನೋ ಎಂದು ಅಕ್ಕನಿಗೆ ಅನುಮಾನ. ಇವತ್ತು ಅನ್ನ ಹುರಿಯಲು ನಿನ್ನ ಬದಲು ನಾನು."

"ನನ್ನಲ್ಲಿ ಉಪ್ಪೇ? ನಾನು ಬರೀ ಕಾಳಿನ ರಸ. ಉಪ್ಪಿನ ಡಬ್ಬಿಯನ್ನು ಅಟ್ಟ ಹತ್ತಿಸಿದವಳು ನನ್ನನ್ನು ಒಲೆಯ ಪಕ್ಕದಲ್ಲೇ ಉಳಿಸಿಕೊಂಡಿಲ್ಲವೆ? ನೀನೋ, ಬೆಲ್ಲ ಬೆಳ್ಳುಳ್ಳಿ ಹಾಕಿ ಕುದಿಸಿದರೂ ನಾಳೆಗೆ ಹಳಸುವವಳು. ನಾನು ಯುಗಾದಿಗೆ ಬಂದವಳು ಕಣೇ. ದಸರಾ ಬಂದರೂ ಒಂದು ಚುಕ್ಕೆ ಬೂಸ್ಟು ಹಿಡಿದಿಲ್ಲ!"

ಬಟ್ಟಲು ಪೆಚ್ಚಾದಳು. ಆಗ ಅಟ್ಟದ ಮೇಲೆ, ಉಪ್ಪಿನ ಡಬ್ಬಿಯ ಜೊತೆ ಮೂಲೆ ಸೇರಿದ್ದ ಉಪ್ಪಿನಕಾಯಿ ಜಾಡಿ ಕೆಮ್ಮಿದಳು.

"ತಂಗೀ, ನಾನೂ ಯುಗಾದಿಗೇ ಬಂದವಳು, ನಾನೂ ಕೆಟ್ಟಿಲ್ಲ. ನನ್ನನ್ನು ಕೆಡದಂತೆ ಕಾಯುವವನು ನನ್ನ ಹೆಸರಿನಲ್ಲೇ ಇದ್ದಾನೆ. ನಿನ್ನನ್ನು ಕಾಯುತ್ತಿರುವವನು ಯಾರು?"